ಧನಪಾಲನ ಗಾಲಿ, ನನ್ನ ಸೈಲೆನ್ಸರ್

ನಲವತ್ತೊಂದು ವರ್ಷ ನಾನು ಮಲಗಿಕೊಂಡೇ ಕೆಲಸ ಮಾಡಿದ್ದೇನೆ. ನಗಬೇಡಿ. ಸೈಲೆನ್ಸರ್ ಕೆಲಸದವನು ಗಾಡಿಯ ಮೇಲ್ಭಾಗ ನೋಡುವುದೇ ಅಪರೂಪ. ಗೋಣಿಚೀಲ ಹಾಸಿ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಬೀಳಿಸಿಕೊಂಡು, ಬಿಸಿ ಪೈಪಿಗೆ ಮೊಣಕೈ ಸುಟ್ಟುಕೊಂಡು ದಿನ ಕಳೆಯುವ ಕೆಲಸ ಇದು. ನಿಪ್ಪಾಣಿಯ ಹೈವೇ ಬದಿಗೆ ನನ್ನ ಅಂಗಡಿ ಇತ್ತು. ಮೂರು ವರ್ಷದ ಹಿಂದೆ ಬಾಗಿಲು ಹಾಕಿದೆ. ಈಗ ಐಟಿಐ ಮುಗಿಸಿದವರು ಮನೆಗೆ ಬಂದು, ರೇಸಿನ ಗಾಡಿಯ ಕೆಲಸ ಹೆಂಗಿರತೈತಿ ಕಾಕಾ, ಅದರಾಗ ಏನ ಕಲೀಬೇಕ ಎಂದು ಕೇಳುತ್ತಾರೆ. ಪೈಪಿನ ಅಳತೆ ಫೋನಿನಲ್ಲೇ ಸಿಗುತ್ತದೆ. ಫೋನಿನಲ್ಲಿ ಸಿಗದ್ದನ್ನು ಬರೆಯುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು ಹೊಟ್ಟೆಕಿಚ್ಚೇ ಇದೆ.

ನನ್ನ ಹೊಟ್ಟೆಕಿಚ್ಚಿಗೆ ಒಂದು ಹೆಸರಿದೆ, ಧನಪಾಲ. ಸದಲಗಾದವನು, ನನ್ನ ವಾರಿಗೆಯವನು. ಚಿಕ್ಕೋಡಿಯಲ್ಲಿ ಕುಡಚಿ ಕಡೆಯ ಉಸ್ತಾದರೊಬ್ಬರ ಗ್ಯಾರೇಜಿಗೆ ಇಬ್ಬರೂ ಒಂದೇ ವಾರ ಸೇರಿದೆವು. ಉಸ್ತಾದರು ಗಾಡಿಯ ಹತ್ತಿರ ಬಂದರೆ ಮೊದಲು ಕಣ್ಣು ಮುಚ್ಚುತ್ತಿದ್ದರು. ಪೈಲೆ ಕಿವೀಲೆ ನೋಡಬೇಕ, ಆಮ್ಯಾಗ ಕೈಲೆ ಮುಟ್ಟಬೇಕ ಎನ್ನುವುದು ಅವರ ಪಾಠ. ಕಬ್ಬಿನ ಸುಗ್ಗಿ ಶುರುವಾಗುವ ಮುಂಚೆ ಟ್ರೇಲರುಗಳು ಸಾಲುಗಟ್ಟಿ ಬರುತ್ತಿದ್ದವು. ಗಾಲಿಯ ಒಂದೊಂದು ನಟ್ಟಿಗೂ ಸಣ್ಣ ಸುತ್ತಿಗೆಯಿಂದ ಬಡಿದು ನೋಡಬೇಕು. ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಸಡಿಲಾದದ್ದು ಡಬ್ ಅನ್ನುತ್ತದೆ. ಉಸ್ತಾದರು ಬಡಿಯುತ್ತ ಹೋಗುವರು, ನಾವಿಬ್ಬರೂ ಬೆನ್ನು ತಿರುಗಿಸಿ ನಿಂತು ಯಾವುದು ಸಡಿಲು ಎಂದು ಹೇಳಬೇಕು.

ಕಿವಿ ನನ್ನದೇ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೊಂದು ಚಟ ಇತ್ತು. ಗೊತ್ತಾದರೂ ಸುಮ್ಮನಿರುತ್ತಿದ್ದೆ. ಧನಪಾಲ ಮೊದಲು ಬಾಯಿ ಬಿಡಲಿ, ತಪ್ಪಲಿ, ಆಮೇಲೆ ನಾನು ಸರಿಯಾದದ್ದು ಹೇಳಿ ಶಾಬಾಸ್ ಅನ್ನಿಸಿಕೊಳ್ಳೋಣ ಅಂತ. ವಯಸ್ಸಾಗಿ ಗ್ಯಾರೇಜು ಮುಚ್ಚುವಾಗ ಉಸ್ತಾದರು ಆ ಸುತ್ತಿಗೆಯನ್ನು ಧನಪಾಲನಿಗೆ ಕೊಟ್ಟರು. ನನಗೆ ಊಟ ಸೇರಲಿಲ್ಲ. ಮೂರು ದಿನ ತಡೆದು, ಹೋಗಿ ಕೇಳಿಯೇಬಿಟ್ಟೆ.

“ಸಾತ್ಯಾ, ಕಿವಿ ನಿಂದ ಚೊಲೊ ಐತಿ, ಸುಳ್ಳಲ್ಲ,” ಎಂದರು. “ಆದರ ಅಂವ ಕೇಳಿದ ಕೂಡಲೇ ಹೇಳ್ತಾನ.”

ಇಷ್ಟೇ ಹೇಳಿ ಬೀಡಿ ಹಚ್ಚಿಕೊಂಡರು. ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡು ಎದ್ದು ಬಂದೆ.

ಮುಂದೆ ಇಬ್ಬರೂ ನಿಪ್ಪಾಣಿಯಲ್ಲೇ ಅಂಗಡಿ ಹಾಕಿದೆವು. ನಾನು ರಸ್ತೆಯ ಈ ಕಡೆ, ಅವನು ಆ ಕಡೆ. ನನ್ನದು ಸೈಲೆನ್ಸರ್, ಅವನದು ಟೈರು ಮತ್ತು ಗಾಲಿ. ಒಬ್ಬರ ಗಿರಾಕಿಯನ್ನು ಒಬ್ಬರು ಕಸಿಯುವ ಮಾತೇ ಇರಲಿಲ್ಲ. ಆದರೂ ನನ್ನ ಕಣ್ಣು ದಿನವಿಡೀ ರಸ್ತೆಯ ಆಚೆಗೇ. ಮೊದಮೊದಲು ಗಾಲಿಯ ಓರೆ ಹಿಡಿಯಲು ಅವನೂ ದಾರ ಕಟ್ಟಿ ಅಳೆಯುತ್ತಿದ್ದ. ಆಮೇಲೆ ಕಂಪ್ಯೂಟರ್ ಯಂತ್ರ ತಂದ. ಗಾಜಿನ ಬಾಗಿಲು ಬಂತು, ಒಳಗೆ ಕುರ್ಚಿ ಬಂದವು, ಕೂತವರಿಗೆ ಚಹಾ ಬಂತು. ಜನ ಅವನನ್ನು ಧನಪಾಲ ಶೇಠ ಅನ್ನತೊಡಗಿದರು. ನಾನು ಸಾತಪ್ಪ ಮಿಸ್ತ್ರಿಯಾಗೇ ಉಳಿದೆ. ನನ್ನ ಹೆಂಡತಿ ಕಮಲಾ ಒಂದು ದಿನ ತಾಟು ಮುಂದಿಟ್ಟು, “ಆ ಮನಿಷ್ಯಾನ ಹೆಸರ ತಗೊಳ್ಳದ ನಿಮಗ ತುತ್ತ ಇಳಿಯಂಗಿಲ್ಲೇನ್ರಿ,” ಎಂದಳು. ಇಳಿಯುತ್ತಿರಲಿಲ್ಲ, ಖರೆ.

ನನ್ನ ತಪ್ಪುಗಳನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಚಾಡಿಯಾಗುತ್ತದೆ. ರಾಯಬಾಗ ಕಡೆಯ ಟ್ರ್ಯಾಕ್ಟರಿನವನೊಬ್ಬ, ಫ್ಯಾಕ್ಟರಿಯ ಸಾಲಿನಲ್ಲಿ ತನ್ನ ಗಾಡಿ ಬಂದದ್ದು ಎಲ್ಲರಿಗೂ ಕೇಳಬೇಕು ಎಂದ. ನಾನು ಸಪ್ಪಳ ತಡೆಯುವ ಒಳಗಿನ ಜಾಳಿಗೆ ತೆಗೆದು, ಪೈಪನ್ನು ಅಡ್ಡಕ್ಕೆ ತಿರುಗಿಸಿ ಕೊಟ್ಟೆ. ಅಂಗಡಿಯ ಮುಂದೆಯೇ ಚಾಲೂ ಮಾಡಿ ತೋರಿಸಿದೆ. ಸಪ್ಪಳ ಬಂತು, ಜೊತೆಗೆ ಕಿಡಿಯೂ ಬಂತು. ಪಕ್ಕದಲ್ಲಿ ನಿಂತ ಗಾಡಿಯಲ್ಲಿ ಕಬ್ಬಿನ ಒಣ ಸೋಗೆ, ರವದಿ ಹೇರಿತ್ತು, ಅದಕ್ಕೆ ಬೆಂಕಿ ಹತ್ತಿತು. ಆರಿಸಿದ್ದು ಯಾರು? ಧನಪಾಲ. ಪಂಕ್ಚರ್ ನೋಡುವ ನೀರನ್ನು ತೊಟ್ಟಿಸಮೇತ ಎತ್ತಿಕೊಂಡು ರಸ್ತೆ ದಾಟಿ ಓಡಿ ಬಂದ. ಬೆಂಕಿ ಆರಿತಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆರಿಸಿದವನು ಅವನಾದನಲ್ಲ ಎಂದು ವಾರಗಟ್ಟಲೆ ಉರಿದುಕೊಂಡೆ.

ಈಗ ರೇಸಿನ ಗಾಡಿಗೆ ಬರುತ್ತೇನೆ. ಕಾಗವಾಡದ ಹತ್ತಿರ ಸುಮತಕ್ಕ ಎನ್ನುವವರ ದ್ರಾಕ್ಷಿ ತೋಟ ಇದೆ, ಒಣದ್ರಾಕ್ಷಿಯ ಶೆಡ್ಡುಗಳಿವೆ. ಆಗ ಅವರಿಗೆ ನಲವತ್ತರ ಆಸುಪಾಸು. ತೋಟದ ಟ್ರ್ಯಾಕ್ಟರನ್ನು ಹಿಂದಕ್ಕೆ ಹೊಡೆದು ಶೆಡ್ಡಿಗೆ ಸೇರಿಸುವುದರಲ್ಲಿ ಅವರಷ್ಟು ಚೊಕ್ಕ ಗಂಡಸರೂ ಇರಲಿಲ್ಲ. ಅವರು ಪುಣೆಯಿಂದ ಒಂದು ಹಳೆಯ ಜರ್ಮನ್ ಕಾರು ತಂದರು. ಎರಡೇ ಸೀಟು, ಎಂಜಿನ್ ಹಿಂದೆ. ಕೊಲ್ಲಾಪುರದ ಆಚೆಗೆ ಒಂದು ರೇಸ್ ಟ್ರ್ಯಾಕ್ ಇದೆ, ರೊಕ್ಕ ಕಟ್ಟಿದರೆ ಯಾರು ಬೇಕಾದರೂ ತಮ್ಮ ಗಾಡಿ ಓಡಿಸಬಹುದು. ಅಲ್ಲಿ ಓಡಿಸಬೇಕು ಎನ್ನುವುದು ಅವರ ಆಸೆ. ದಸರೆಯ ಮುಂದಿನ ರವಿವಾರಕ್ಕೆ ಹೆಸರು ಕೊಟ್ಟು ಬಂದಿದ್ದರು. ಸೈಲೆನ್ಸರ್ ಕೆಲಸ ನನಗೆ ಒಪ್ಪಿಸಿದರು. ಗಾಲಿಯ ಕೆಲಸ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ.

ನನ್ನ ಮೊದಲ ಪೈಪು ಪೂರಾ ಹಾಳಾಯಿತು. ಹೊಸಬರು ಇದನ್ನು ಚೆನ್ನಾಗಿ ಓದಿಕೊಳ್ಳಿ. ದೊಡ್ಡ ಪೈಪ್ ಹಾಕಿದರೆ ಗಾಡಿ ಜೋರಾಗಿ ಓಡುತ್ತದೆ ಎನ್ನುವುದು ನಮ್ಮ ಕಡೆಯ ದೊಡ್ಡ ಭ್ರಮೆ. ನಾನೂ ಹಾಗೇ ಅಗಲವಾದ ಪೈಪನ್ನು ನೆಟ್ಟಗೆ ಬಿಟ್ಟುಬಿಟ್ಟೆ. ಸುಮತಕ್ಕ ಹೈವೇಯಲ್ಲಿ ಒಂದು ಸುತ್ತು ಹೋಗಿ ಬಂದು ಇಳಿದರೆ, ನನ್ನ ಮಾತು ಅವರಿಗೆ ಕೇಳಿಸುತ್ತಲೇ ಇಲ್ಲ. ಒಳಗೆಲ್ಲ ಬುಂ ಎನ್ನುವ ಮೊಳಗು. ಮೇಲಾಗಿ ನಿಧಾನದಿಂದ ಎಳೆಯುವಾಗ ಗಾಡಿಗೆ ಮೊದಲಿನ ಬಲವೇ ಇಲ್ಲ. ಎಂಜಿನ್ ಹಿಂದಿರುವ ಗಾಡಿಯಲ್ಲಿ ಸೈಲೆನ್ಸರ್ ಗಿಡ್ಡ, ಕಾವೆಲ್ಲ ಒಂದೇ ಕಡೆ. ಬಂಪರಿನ ಪ್ಲಾಸ್ಟಿಕ್ ಕರಗಿ ಜೋತುಬಿದ್ದಿತ್ತು. ಜೊತೆಗೆ ಒಂದು ಜೋಡಣೆಯಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿಂದ ಹೊರಗಿನ ಗಾಳಿ ಸೇರಿ, ಹೊಗೆ ಅಳೆಯುವ ಸೆನ್ಸರ್ ದಿಕ್ಕುತಪ್ಪಿ, ಎಂಜಿನ್ನಿಗೆ ಪೆಟ್ರೋಲು ಸಾಲದು ಎಂದು ತಿಳಿದು ಇನ್ನಷ್ಟು ಸುರಿಯುತ್ತಿತ್ತು. ಗಾಡಿ ಪಟಪಟ ಎಂದು ಪಟಾಕಿ ಹೊಡೆಯುತ್ತಿತ್ತು. ಟ್ರ್ಯಾಕಿನಲ್ಲಿ ಸಪ್ಪಳಕ್ಕೂ ಮಿತಿ ಇದೆ, ಮೀಟರ್ ಹಿಡಿದು ಅಳೆಯುತ್ತಾರೆ, ಹೆಚ್ಚಾದರೆ ಗೇಟಿನಿಂದಲೇ ವಾಪಸು.

ಎರಡನೆಯದನ್ನು ನಾನು ಜೀವ ಸುರಿದು ಮಾಡಿದೆ. ಸದಲಗಾ ಕಡೆಯ ಒಂದು ಡೇರಿಯಲ್ಲಿ ಹಾಲು ಹರಿಯುವ ಸ್ಟೀಲ್ ಪೈಪುಗಳನ್ನು ಬದಲಿಸಿ ಹಳೆಯವನ್ನು ಗುಜರಿಗೆ ಹಾಕಿದ್ದರು. ಒಳಗೆ ಕನ್ನಡಿಯಷ್ಟು ನುಣುಪು, ತುಕ್ಕಿನ ಹೆಸರಿಲ್ಲ. ತೂಕ ಹಾಕಿಸಿ ತಂದೆ. ಹಳೆಯ ಕಡ್ಡಿ ವೆಲ್ಡಿಂಗ್ ಬಿಟ್ಟು, ಅರವತ್ತರ ಹತ್ತಿರ ಬಂದವನು ಇಚಲಕರಂಜಿಗೆ ಹೋಗಿ ಆರ್ಗಾನ್ ವೆಲ್ಡಿಂಗ್ ಕಲಿತು ಬಂದೆ. ಎಂಜಿನ್ ಅಲುಗಾಡಿದರೆ ಪೈಪ್ ಸೀಳಬಾರದೆಂದು ನಡುವೆ ಬಳುಕುವ ಜೋಡಣೆ ಕೊಟ್ಟೆ. ಮೊಳಗು ಕೊಲ್ಲಲು ಸಣ್ಣ ಡಬ್ಬಿ ಕೂರಿಸಿದೆ. ಪೈಪ್ ಕಾಯ್ದಾಗ ಬೆಳೆಯುತ್ತದೆ, ಅದಕ್ಕೆಂದೇ ಬಂಪರಿನಿಂದ ಎರಡು ಬೆರಳು ಜಾಗ ಬಿಟ್ಟೆ, ಬಿಗಿಯಾಗಿ ಕಟ್ಟದೆ ರಬ್ಬರಿನ ಬಳೆಗಳಲ್ಲಿ ತೂಗುಹಾಕಿದೆ. ಚಾಲೂ ಮಾಡಿದರೆ ದಪ್ಪನೆಯ, ತೃಪ್ತಿಯ ದನಿ. ನನ್ನ ಜೀವನದ ಅತಿ ಒಳ್ಳೆಯ ಕೆಲಸ ಅದು. ನನ್ನ ದುರ್ದೈವ, ಅದು ಗಾಡಿಯ ಕೆಳಗಿತ್ತು.

ಗಾಲಿ ಎಲ್ಲರಿಗೂ ಕಾಣುತ್ತದೆ. ಸುಮತಕ್ಕ ಫೋನಿನಲ್ಲಿ ನೋಡಿ ದೊಡ್ಡ ಕರಿಯ ರಿಮ್ಮುಗಳನ್ನು ಆರಿಸಿದ್ದರು. ಧನಪಾಲ ಬೇಡ ಎನ್ನಲಿಲ್ಲ. ಅವರದೇ ಶೆಡ್ಡಿನಿಂದ ಒಣದ್ರಾಕ್ಷಿ ಪೆಟ್ಟಿಗೆ ತೂಗುವ ಕಾಟಾ ತರಿಸಿದ. ಪರಿಚಯದವರೊಬ್ಬರಿಂದ ಅಂಥದೇ ದೊಡ್ಡ ರಿಮ್ ಎರವಲು ತಂದು ಕಾಟಾದ ಮೇಲಿಟ್ಟ. ಆಮೇಲೆ ಒಂದು ಅಳತೆ ಸಣ್ಣದಾದ, ಹಗುರಾದದ್ದನ್ನು ಇಟ್ಟ. ನೀವೇ ಎತ್ತಿ ನೋಡ್ರಿ ಅಕ್ಕಾರ ಎಂದ. ತಿರುಗುವ ಗಾಲಿಯಲ್ಲಿ ಉಳಿಸಿದ ತೂಕ ಸೀಟಿನ ಕೆಳಗೆ ಉಳಿಸಿದ್ದಕ್ಕಿಂತ ಹೆಚ್ಚು ಲಾಭದ್ದು, ಬ್ರೇಕ್ ಹಿಡಿಯುವಾಗ, ತಿರುವಿನಿಂದ ಎದ್ದು ಹೋಗುವಾಗ ಗೊತ್ತಾಗುತ್ತದೆ ಎಂದು ತಿಳಿಸಿ ಹೇಳಿದ. ಬ್ರೇಕಿಗೆ ತಾಗದಂತೆ ರಟ್ಟು ಕತ್ತರಿಸಿ ಒಳಗಿಟ್ಟು ತೋರಿಸಿದ. ಹೋಗಿಬರುವವರೆಲ್ಲ ನಿಂತು ನೋಡಿದರು. ಸುಮತಕ್ಕ ಸಣ್ಣ ರಿಮ್ಮಿಗೇ ಒಪ್ಪಿದರು. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದೇ ನನಗೆ ಸಹಿಸಲಾಗಲಿಲ್ಲ. ನಾನು ತಿಂಗಳುಗಟ್ಟಲೆ ಬೆವರಿದ ಪೈಪನ್ನು ಬಗ್ಗಿ ನೋಡಿದವರು ಒಬ್ಬರೂ ಇಲ್ಲ, ಅವನ ಕಾಟಾ ನೋಡಲು ಸಂತೆ ಸೇರಿತ್ತು.

ಇನ್ನು ಬೋಲ್ಟಿನ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲವೂ ಅಲ್ಲೇ ಇದೆ. ಆ ಗಾಡಿಯ ಕಂಪನಿ ಗಾಲಿಯಲ್ಲಿ ಬೋಲ್ಟು ಕೂರುವ ತೂತು ಬಟ್ಟಲಿನ ಹಾಗೆ ದುಂಡಗೆ. ಬೋಲ್ಟಿನ ತಲೆಯ ಕೆಳಭಾಗವೂ ದುಂಡಗೆ. ಹೊಸ ರಿಮ್ಮಿನ ತೂತು ಹಾಗಲ್ಲ, ಬುಗುರಿಯ ಮೊನೆಯ ಹಾಗೆ ಇಳಿಜಾರು. ಅದಕ್ಕೆ ಅಂಥದೇ ಬೋಲ್ಟು ಬೇಕು. ದುಂಡಗಿನದನ್ನು ಅದರಲ್ಲಿ ತಿರುವಿದರೆ ಹೋಗಿ ಕೂರುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಆದರೆ ಹಿಡಿದಿರುವುದು ಒಂದು ಗೆರೆಯಷ್ಟು ಜಾಗ ಮಾತ್ರ. ಓಡಿದಂತೆ ಸಡಿಲುತ್ತದೆ. ಧನಪಾಲನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಪುಣೆಗೆ ಹೇಳಿ ಇಪ್ಪತ್ತು ಹೊಸ ಬೋಲ್ಟು ತರಿಸಿದ್ದ.

ಗಾಲಿಗಳು ಖಂಡೇನವಮಿಯ ಹಿಂದಿನ ದಿನ ಬಂದವು. ಬೋಲ್ಟಿನ ಪಾರ್ಸಲ್ ಬರಲಿಲ್ಲ. ಮಾರನೆಯ ದಿನ ಪೂಜೆ. ನಮ್ಮಲ್ಲಿ ಗಾಡಿಯನ್ನು ಜಾಕಿನ ಮೇಲೆ ಕುಂಟಾಗಿಸಿ ಪೂಜಿಸುವುದಿಲ್ಲ, ನಾಲ್ಕು ಗಾಲಿಯ ಮೇಲೆ ನಿಲ್ಲಬೇಕು. ಅದಕ್ಕೇ ಧನಪಾಲ ಹೊಸ ಗಾಲಿಗಳನ್ನು ಹಳೆಯ ದುಂಡು ಬೋಲ್ಟಿನಿಂದಲೇ ಹಾಕಿ ನಿಲ್ಲಿಸಿದ. ಪಾರ್ಸಲ್ ಬಂದದ್ದು ನವಮಿಯ ದಿನ, ಪೂಜೆಯ ಹೊತ್ತಿಗೆ. ಆ ದಿನ ಹತ್ಯಾರಗಳೆಲ್ಲ ದೇವರ ಮುಂದೆ. ಪಾನಾ, ಜಾಕು, ಉಸ್ತಾದರ ಸುತ್ತಿಗೆ, ಎಲ್ಲಕ್ಕೂ ಕುಂಕುಮ, ಹೂವು. ದಶಮಿಯವರೆಗೆ ಯಾರೂ ಅವನ್ನು ಮುಟ್ಟುವುದಿಲ್ಲ. ಬೋಲ್ಟಿನ ಡಬ್ಬಿಯನ್ನೂ ಅವುಗಳ ಸಾಲಿಗೇ ಇಟ್ಟ. ದಶಮಿಯ ಬೆಳಿಗ್ಗೆ ಮೊದಲು ಆ ಬೋಲ್ಟು ಬದಲಿಸು ಎಂದು ತನ್ನ ಕೆಲಸದವನಿಗೆ ಹೇಳಿ ಸದಲಗಾದ ಮನೆಗೆ ಹೋದ. ಸುಮತಕ್ಕ ಅಂಗಡಿ ತೆರೆಯುವ ಮೊದಲೇ ಬಂದು, ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಗಾಡಿ ತೆಗೆದು, ಕೊನೆಯ ಸಲ ಪೈಪ್ ನೋಡಲು ರಸ್ತೆ ದಾಟಿಸಿ ನನ್ನಲ್ಲಿ ಬಿಟ್ಟರು. ಕೆಲಸದವನು ಬಂದಾಗ ಗಾಡಿ ಇರಲಿಲ್ಲ. ಶೇಠರೇ ಬದಲಿಸಿ ಕಳಿಸಿರಬೇಕು ಎಂದುಕೊಂಡ. ಶೇಠ ಅವನು ಬದಲಿಸಿದ್ದಾನೆ ಎಂದುಕೊಂಡ. ಡಬ್ಬಿ ಚೆಂಡುಹೂವಿನ ಕೆಳಗೆ ಹಾಗೇ ಉಳಿಯಿತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆದರೆ ಬೋಲ್ಟು ಹಳೆಯವು ಎನ್ನುವುದು ಅವತ್ತೇ ತಿಳಿಯಿತು. ಗಾಡಿಯ ಕೆಳಗೆ ಮಲಗಲು ಬಗ್ಗಿದವನ ಮುಖ ಎಡಗಡೆಯ ಮುಂದಿನ ಗಾಲಿಯ ಎದುರಿಗೇ ಬಂತು. ಬೋಲ್ಟಿನ ತಲೆಯ ಮೇಲೆ ಕಂಪನಿಯ ಮುದ್ರೆ, ಸವೆದ ಅಂಚು. ಬ್ಯಾಟರಿ ಹಿಡಿದು ನೋಡಿದೆ. ಸುತ್ತಲೂ ಉಗುರಿನಷ್ಟು ಸಂದು. ನಾಲ್ಕೂ ಗಾಲಿ ನೋಡಿದೆ, ಇಪ್ಪತ್ತೂ ಅವೇ. ಸುಳ್ಳೇಕೆ ಹೇಳಲಿ, ನನ್ನ ಎದೆಯಲ್ಲಿ ಹಬ್ಬವಾಯಿತು. ಇಷ್ಟು ವರ್ಷಕ್ಕೆ ಶೇಠ ತಪ್ಪಿದ್ದ. ಆ ಖುಷಿಯಲ್ಲಿ ನಾನು ನನ್ನ ಕೆಲಸವನ್ನೇ ಅರ್ಧ ಮರೆತೆ. ಕೊನೆಯ ರಬ್ಬರಿನ ಬಳೆ ಕೊಕ್ಕೆಯಿಂದ ಜಾರದಂತೆ ಒಂದು ಸಣ್ಣ ಕ್ಲಿಪ್ ಹಾಕಬೇಕು. ಅದು ನನ್ನ ಅಂಗಿಯ ಜೇಬಿನಲ್ಲೇ ಉಳಿಯಿತು.

ಸಂಜೆ ಧನಪಾಲ ಬನ್ನಿ ಕೊಡಲು ಬಂದ. ಪ್ರತಿ ವರ್ಷ ಅವನೇ ಬರುವವನು, ನಾನೇ ಮೊದಲು ಹೋದದ್ದಿಲ್ಲ. ಬಿಳಿ ಟೋಪಿ, ಇಸ್ತ್ರಿಯ ಅಂಗಿ. ಬನ್ನಿ ಎಲೆ ಕೈಗಿಟ್ಟು, ಬಂಗಾರದಂಗ ಇರೂಣು ಎಂದು ಅಪ್ಪಿಕೊಂಡ. ಗಾಡಿ ಅಲ್ಲೇ ನಿಂತಿತ್ತು.

“ಗಾಲಿ ಹೆಂಗ ಕಾಣತಾವೋ?” ಎಂದು ಕೇಳಿದ.

ಬಾಯಿ ತೆರೆದರೆ ಒಂದೇ ಮಾತು. ಬೋಲ್ಟು ಹಳೇವ ಅದಾವ ನೋಡು. ಅವನು ರಸ್ತೆ ದಾಟಿ ಡಬ್ಬಿ ತಂದು ಅರ್ಧ ತಾಸಿನಲ್ಲಿ ಮುಗಿಸುತ್ತಿದ್ದ. ಬನ್ನಿ ಎಲೆ ನನ್ನ ಅಂಗೈಯಲ್ಲಿತ್ತು.

“ಚೊಲೊ ಅದಾವ,” ಎಂದೆ.

ಶನಿವಾರ ಇಡೀ ದಿನ ನನಗೆ ನಾನೇ ವಕೀಲಿಕೆ ಮಾಡಿದೆ. ಮೊದಲ ಸುತ್ತು ಎಲ್ಲರೂ ನಿಧಾನವಾಗಿ ಹೋಗುತ್ತಾರೆ. ಗಾಲಿ ಸ್ವಲ್ಪ ಗಡಗಡ ಅಂದೀತು, ಸುಮತಕ್ಕ ವಾಪಸು ತಂದಾರು, ಹತ್ತು ಜನರ ಮುಂದೆ ಶೇಠನ ಮುಖ ಬೀಳುತ್ತದೆ, ಅಷ್ಟೇ. ಜೀವದ ಮಾತು ಮನಸ್ಸಿಗೆ ಬಂದಾಗೆಲ್ಲ ಬೇರೆ ಕಡೆ ತಿರುಗಿಸಿಕೊಂಡೆ. ಕಮಲಾ ಯಾಕ ಸಪ್ಪಗ ಅದೀರಿ ಎಂದು ಕೇಳಿದಳು. ಪಿತ್ತ ಆಗೇತಿ ಎಂದು ಹೇಳಿದೆ.

ರವಿವಾರ ಗಾಡಿಯನ್ನು ಟೆಂಪೋ ಮೇಲೆ ಏರಿಸಿ ಒಯ್ದರು. ನಾನೂ ಧನಪಾಲನೂ ಒಂದೇ ಜೀಪಿನಲ್ಲಿ ಹೋದೆವು, ಅವನು ದಾರಿಯುದ್ದಕ್ಕೂ ಚಪಾತಿ ಶೇಂಗಾ ಚಟ್ನಿ ಬಿಚ್ಚಿ ತಿನ್ನು ತಿನ್ನು ಎಂದು ಪ್ರಾಣ ತಿಂದ. ಟ್ರ್ಯಾಕಿನಲ್ಲಿ ಮೊದಲು ಸಪ್ಪಳದ ಪರೀಕ್ಷೆ. ಮೀಟರ್ ಹಿಡಿದವನು ತಲೆಯಾಡಿಸಿ ಚೀಟಿ ಅಂಟಿಸಿದ. ಸಾಂಗಲಿ, ಕೊಲ್ಲಾಪುರದ ಹುಡುಗರು ಬಗ್ಗಿ ನೋಡಿ, ಯಾರ ಕೆಲಸ ಇದು ಎಂದು ಮರಾಠಿಯಲ್ಲಿ ಕೇಳಿದರು. ಸುಮತಕ್ಕ ನನ್ನ ಕಡೆ ಕೈ ಮಾಡಿದರು. ಅದಕ್ಕಾಗಿ ನಲವತ್ತು ವರ್ಷ ಕಾದವನು ನಾನು. ಅವತ್ತು ಅದರ ರುಚಿಯೇ ಹತ್ತಲಿಲ್ಲ.

ಸುಮತಕ್ಕ ಹೆಲ್ಮೆಟ್ ಹಾಕಿಕೊಂಡು ಹೊರಟರು. ಮೊದಲ ಸುತ್ತು ನಿಧಾನ. ನಾನು ಕಂಬಿಗೆ ಆತು ನಿಂತು ಕಿವಿಗೊಟ್ಟೆ. ನನ್ನ ಪೈಪಿನ ದನಿ ಬಿಟ್ಟು ಬೇರೇನೂ ಕೇಳುತ್ತಿಲ್ಲ. ಆಗ ನನಗೆ ಹೊಳೆಯಿತು. ಒಳಗೆ ಕೂತವರಿಗೂ ಕೇಳುವುದಿಲ್ಲ. ಗಾಲಿ ಗಡಗಡ ಅಂದರೂ ನನ್ನ ಸೈಲೆನ್ಸರ್ ಅದನ್ನು ನುಂಗಿಬಿಡುತ್ತದೆ. ನಾನು ನಂಬಿ ಕೂತಿದ್ದ ಗಡಗಡ ಸುಮತಕ್ಕನ ಕಿವಿಗೆ ಮುಟ್ಟುವಂತೆಯೇ ಇರಲಿಲ್ಲ.

ಎರಡನೆಯ ಸುತ್ತಿಗೆ ಅವರು ವೇಗ ಹಿಡಿದರು. ನಮ್ಮ ಎದುರಿನ ತಿರುವಿಗೆ ಬರುವಾಗ ಎಕ್ಸಲರೇಟರ್ ಬಿಟ್ಟರು. ಪೈಪಿನ ದನಿ ಒಮ್ಮೆ ಇಳಿಯಿತು. ಆ ಒಂದು ಗಳಿಗೆಯಲ್ಲಿ ಕೇಳಿತು, ಡಬ್ ಡಬ್ ಡಬ್. ಎಡಗಡೆಯ ಮುಂದಿನದು. ನಾನು ಕಂಬಿಯ ಗುಂಟ ಓಡಿದೆ. ಬಾವುಟದವನ ಹತ್ತಿರ ಹೋಗಿ ಏನು ಕಿರುಚಿದೆನೋ, ಕನ್ನಡವೋ ಮರಾಠಿಯೋ, ನನಗೇ ಗೊತ್ತಿಲ್ಲ. ನಾನು ಮುಟ್ಟುವಷ್ಟರಲ್ಲಿ ಬಾವುಟ ಮೇಲಿತ್ತು. ಧನಪಾಲ ನನಗಿಂತ ಮೊದಲೇ ಅಲ್ಲಿ ನಿಂತಿದ್ದ. ಕ್ಲಿಪ್ಪಿಲ್ಲದ ರಬ್ಬರ್ ಬಳೆ ಜಾರಿ, ನನ್ನ ಪೈಪ್ ನೆಲಕ್ಕೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಅದನ್ನು ಕಂಡು ಅವನು ನಿಲ್ಲಿಸಲು ಹೇಳಿದ್ದ.

ಗಾಡಿ ಬಂದು ನಿಂತಿತು. ಎಲ್ಲರೂ ಹಿಂಭಾಗಕ್ಕೆ ಓಡಿದರು. ನಾನು ಮುಂದಿನ ಎಡಗಾಲಿಯ ಮುಂದೆ ಮಂಡಿಯೂರಿ ಬೋಲ್ಟಿಗೆ ಬೆರಳು ಹಚ್ಚಿದೆ. ಸುಡುತ್ತಿತ್ತು. ಮೂರು ಬೋಲ್ಟು ಬರೀ ಬೆರಳಿಗೇ ತಿರುಗಿದವು. ಧನಪಾಲ ಪೈಪನ್ನು ತಂತಿಯಿಂದ ಎತ್ತಿ ಕಟ್ಟಿ, ಕೈ ಒರೆಸಿಕೊಳ್ಳುತ್ತ ಮುಂದೆ ಬಂದವನು ಬೋಲ್ಟು ನೋಡಿದ. ಆ ಮುಖ ನನಗೆ ಈಗಲೂ ಕಾಣುತ್ತದೆ. ಜೀಪಿನಿಂದ ಉಸ್ತಾದರ ಸುತ್ತಿಗೆ ತಂದು ಇಪ್ಪತ್ತಕ್ಕೂ ಬಡಿದ. ಒಂದೂ ಟಣ್ ಅನ್ನಲಿಲ್ಲ.

“ತಪ್ಪ ನಂದ್ರಿ ಅಕ್ಕಾರ,” ಎಂದ, ಎಲ್ಲರಿಗೂ ಕೇಳುವಂತೆ. “ಹೊಸ ಬೋಲ್ಟ್ ಹಾಕೇ ಇಲ್ಲ. ನಾ ನೋಡಬೇಕಿತ್ತ, ನೋಡಲಿಲ್ಲ.”

ಸುಮತಕ್ಕ ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತುಬಿಟ್ಟರು. ನಾನು ಗಾಲಿಯ ಸಪ್ಪಳ ಕೇಳಿ ಓಡಿ ಬಂದದ್ದನ್ನು ಬಾವುಟದವನು ಹೇಳಿದ ಮೇಲೆ ನನ್ನ ಕಡೆ ನೋಡಿ, “ಸಾತಪ್ಪ ಕಾಕಾ, ನಿಮ್ಮ ಕಿವಿ ನನ್ನ ಜೀವಾ ಉಳಸ್ತ ನೋಡ್ರಿ,” ಎಂದರು. ನಾನು ಇಲ್ಲ ಎನ್ನಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಧನಪಾಲ ಕೇಳಿದ ಮಾತು ಒಂದೇ. ಪೈಲೆ ಸುತ್ತಿನಾಗ ನಿನಗ ಕೇಳಿಸಲಿಲ್ಲೇನೋ ಎಂದ. ನನ್ನ ಪೈಪಿನ ಸಪ್ಪಳದಾಗ ಕೇಳಿಸಲಿಲ್ಲ ಎಂದೆ. ಅವನು ಹೌದು ಎಂಬಂತೆ ತಲೆಯಾಡಿಸಿ ಹೊರಗೆ ನೋಡುತ್ತ ಕೂತ. ನನ್ನ ಪೈಪ್ ಬಿದ್ದ ವಿಷಯ ಅವನು ಆ ದಿನವೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ನನ್ನ ಕಿವಿಯ ಕತೆ ಅಥಣಿಯಿಂದ ಸಾಂಗಲಿಯವರೆಗೆ ಹಬ್ಬಿತು. ರೇಸಿನ ಗಾಡಿಗಳು ನನ್ನ ಬಾಗಿಲಿಗೆ ಬಂದವು. ನಾನು ಬಯಸಿದ್ದೆಲ್ಲ ಸಿಕ್ಕಿತು. ಸುಮತಕ್ಕ ಧನಪಾಲನ ಮೇಲೆ ಸಿಟ್ಟಾಗಲಿಲ್ಲ, ಆದರೆ ಉಳಿದವರು ಅವನ ಹತ್ತಿರ ಗಾಲಿ ಹಾಕಿಸುವುದು ಬಿಟ್ಟರು. ಅವನೇ ಅಂಥ ಗಾಡಿ ಮುಟ್ಟುವುದನ್ನು ನಿಲ್ಲಿಸಿದ. ಟೆಂಪೋ, ಟ್ರೇಲರ್ ಅಷ್ಟೇ. ಗಾಜಿನ ಬಾಗಿಲಿನ ಹಿಂದೆ ಕುರ್ಚಿಗಳು ಖಾಲಿ ಕಾಣುತ್ತಿದ್ದವು. ನನ್ನ ಕಣ್ಣು ಆಗಲೂ ರಸ್ತೆಯ ಆಚೆಗೇ ಇತ್ತು, ಆದರೆ ಅವನು ಈ ಕಡೆ ನೋಡಿದರೆ ನಾನು ಗಾಡಿಯ ಕೆಳಗೆ ಸರಿಯುತ್ತಿದ್ದೆ. ಪ್ರತಿ ದಸರೆಗೆ ತಪ್ಪದೆ ಬಂದ. ಬನ್ನಿ ಕೊಟ್ಟ, ಬಂಗಾರದಂಗ ಇರೂಣು ಎಂದ, ಚಹಾ ಕುಡಿದು ಹೋದ. ಹೀಗೇ ಐದು ದಸರೆ.

ಈ ವರ್ಷದ್ದು ಆರನೆಯದು. ಅಂಗಡಿ ಮುಚ್ಚಿದ ಮೇಲಿನ ರೂಢಿಯಂತೆ ಮನೆಗೇ ಬಂದ. ಈಗ ಅವನಿಗೂ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಹೊತ್ತು ಹಿಡಿಯಿತು. ಎಲೆ ಕೈಗಿಡುವ ಮುಂಚೆ ನಾನು ತಡೆದೆ. ಕಮಲಾ ಒಳಗಿದ್ದಳು. ದಸರೆಯ ದಿನವೇ ಹಳೆಯ ಬೋಲ್ಟು ನೋಡಿದ್ದು, ಅವನು ಕೇಳಿದಾಗ ಚೊಲೊ ಅದಾವ ಎಂದದ್ದು, ಅದು ಹೊಟ್ಟೆಕಿಚ್ಚಿನಿಂದ ಎಂದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬಯ್ಯುತ್ತಾನೆ, ಎದ್ದು ಹೋಗುತ್ತಾನೆ ಎಂದು ತಲೆ ಬಗ್ಗಿಸಿ ಕೂತೆ.

“ಗೊತ್ತೈತಿ,” ಎಂದ.

ನಾನು ತಲೆ ಎತ್ತಿದೆ.

“ನಿನ್ನ ಪೈಪ್ ನೆಲಕ್ಕ ಉಜ್ಜಿ ಕಿಡಿ ಹಾರಾಕತ್ತಿತ್ತ. ಎಲ್ಲಾರೂ ಅದನ್ನ ನೋಡಾಕ ಓಡಿದ್ರ. ನೀ ಒಬ್ಬನ ನಿನ್ನ ಪೈಪಿನ ಕಡೆ ಹೋಗಲಿಲ್ಲ. ಸೀದಾ ನನ್ನ ಗಾಲಿ ಕಡೆ ಬಂದಿ. ಗಾಡಿ ನಿಂತ ಕೂಡಲೇ, ಗಾಲಿ ಅಲುಗಿಸಿನೂ ನೋಡದ, ಬೋಲ್ಟಿಗೆ ಕೈ ಹಾಕಿದಿ.”

“ಹಂಗಿದ್ರ ವರ್ಷಾ ವರ್ಷಾ ಯಾಕ ಬರತಿದ್ದಿ?”

“ಈ ವರ್ಷಾರ ಹೇಳ್ತಿಯೇನಂತ,” ಎಂದು ಎಲೆಯನ್ನು ನನ್ನ ಕೈಯಲ್ಲಿಟ್ಟ.

ಚಹಾ ಕುಡಿದ, ಕಮಲಾಳ ಕಡುಬು ಹೊಗಳಿದ, ಕೋಲೂರಿ ಮೆಟ್ಟಿಲಿಳಿದು ಹೋದ. ಹಗುರಾಯಿತೇ ಎಂದು ನೀವು ಕೇಳಬಹುದು. ಆಯಿತು, ಒಂದು ಗಳಿಗೆ. ಹೊಸದಾಗಿ ಕೆಲಸಕ್ಕೆ ಬರುವವರು ಬೋಲ್ಟಿನ ತಲೆ ನೋಡಿ, ರಬ್ಬರಿಗೆ ಕ್ಲಿಪ್ ಹಾಕಿ, ಕೇಳಿದ್ದನ್ನು ಕೇಳಿದ ಕೂಡಲೇ ಹೇಳಿ. ನನ್ನ ಹತ್ತಿರ ಇರುವ ಪಾಠ ಇಷ್ಟೇ. ಆದರೆ ಅವನು ಓಣಿಯ ತಿರುವು ದಾಟುವುದನ್ನು ನೋಡುತ್ತ ನಿಂತಾಗ ಹಳೆಯ ಉರಿ ಮತ್ತೆ ಎದ್ದಿತು. ಎಲ್ಲ ಗೊತ್ತಿದ್ದೂ, ಗಿರಾಕಿ ಕಳಕೊಂಡೂ, ಯಾರ ಮುಂದೆಯೂ ಬಾಯಿ ಬಿಡದೆ ಆರು ವರ್ಷ. ಸುಮ್ಮನಿರುವ ಕೆಲಸ ಒಂದರಲ್ಲಾದರೂ ನನ್ನ ಕೈ ಮೇಲು ಅಂದುಕೊಂಡಿದ್ದೆ. ಅದರಲ್ಲೂ ಅವನೇ ಮುಂದೆ.